ಗರ್ನ್‌ಸಿ: ಶತ್ರುವಿನ ನೆರಳಲ್ಲಿ ಊರಿನ ಕಾರುಬಾರು

"ಅಪ್ಪಾ, ಸ್ಕಾಟ್‌ಲೆಂಡಿಗೆ ಹೋಗೋಣವಾ, ಪ್ಯಾರಿಸ್ಸಿಗೆ ಹೋಗೋಣವಾ?" ಎಂದು ಲಂಡನ್ನಿನಲ್ಲಿ ಮಗಳು ಕೇಳಿದಾಗ ನಾನು "ಗರ್ನ್‌ಸಿಗೆ" ಎಂದೆ. ಅವಳು ನಕ್ಕಳು. ಗರ್ನ್‌ಸಿ ಎಂಬ ಹೆಸರು ನಮ್ಮಲ್ಲಿ ಕೆಲವರಿಗೆ ಹಸುವಿನ ತಳಿಯಿಂದಷ್ಟೇ ಗೊತ್ತು. ನನಗೆ ಗೊತ್ತಾದದ್ದು ಬೇರೆ ದಾರಿಯಿಂದ. ಮೂವತ್ತು ವರ್ಷ ಪುರಸಭೆಯಲ್ಲಿ ಗುಮಾಸ್ತನಾಗಿ ನಡಾವಳಿ ಪುಸ್ತಕ ಬರೆದವನು ನಾನು. ನಲ್ಲಿ ನೀರು, ಬೀದಿ ದೀಪ, ಸಂತೆ ಸುಂಕ, ಹಂದಿ ಕಾಟ - ಇವೇ ನನ್ನ ಇತಿಹಾಸ. ಹಾಗಿದ್ದವನಿಗೆ ಒಂದು ದಿನ ಊರಿನ ಗ್ರಂಥಾಲಯದಲ್ಲಿ ಈ ದ್ವೀಪದ ಕಥೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಐದು ವರ್ಷ ಜರ್ಮನ್ ಸೈನ್ಯದ ಬೂಟಿನ ಕೆಳಗಿದ್ದೂ ಇಲ್ಲಿಯ ಆಡಳಿತ ಸಮಿತಿ ತಪ್ಪದೆ ಸಭೆ ಸೇರುತ್ತಿತ್ತಂತೆ! ಹಾಲಿನ ದರ, ಸೌದೆ ಹಂಚಿಕೆ, ಆಲೂಗಡ್ಡೆ ಬಿತ್ತನೆ ಕುರಿತು ನಿರ್ಣಯ ಮಾಡುತ್ತಿತ್ತಂತೆ! ಅಂಥ ಸಭೆಯ ನಡಾವಳಿ ಬರೆದವನ ಪಾಡು ಹೇಗಿದ್ದಿತು ಎಂಬ ಕುತೂಹಲ ಅಂದಿನಿಂದ ನನ್ನನ್ನು ಬಿಟ್ಟಿರಲಿಲ್ಲ.

ಗ್ಯಾಟ್‌ವಿಕ್ ನಿಲ್ದಾಣದಿಂದ ಹೊರಟ ಪುಟ್ಟ ವಿಮಾನ ಸುಮಾರು ಒಂದು ಗಂಟೆಯಲ್ಲಿ ನಮ್ಮನ್ನು ಅಲ್ಲಿ ಇಳಿಸಿತು.

ನೀಲಿ ಅಂಚೆ ಪೆಟ್ಟಿಗೆಯ ಊರು

ಗರ್ನ್‌ಸಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಚಿಕ್ಕ ದ್ವೀಪ. ವಿಸ್ತೀರ್ಣ ಸುಮಾರು 65 ಚದರ ಕಿಲೋಮೀಟರ್. ಇಂಗ್ಲೆಂಡಿನ ಕರಾವಳಿ ನೂರು ಕಿಲೋಮೀಟರಿಗೂ ಆಚೆ. ಫ್ರಾನ್ಸಿನ ನಾರ್ಮಂಡಿ ಅದರ ಅರ್ಧ ದೂರದಲ್ಲಿದೆ. ಬ್ರಿಟಿಷ್ ದೊರೆಗೆ ಸೇರಿದ್ದು, ಆದರೆ ಬ್ರಿಟನ್ನಿನ ಭಾಗವಲ್ಲ. ನಾರ್ಮಂಡಿಯ ಡ್ಯೂಕ್ ಇಂಗ್ಲೆಂಡನ್ನು ಗೆದ್ದು ದೊರೆಯಾದದ್ದು 1066ರಲ್ಲಿ. ಮುಂದೆ 1204ರಲ್ಲಿ ನಾರ್ಮಂಡಿ ಕೈಬಿಟ್ಟು ಹೋದರೂ ಈ ದ್ವೀಪಗಳು ಮಾತ್ರ ದೊರೆಯ ಬಳಿಯೇ ಉಳಿದವು. ಹೀಗಾಗಿ ಇಲ್ಲಿಗೆ ತನ್ನದೇ ಕಾನೂನು, ತನ್ನದೇ ಪೌಂಡ್ ನೋಟು, ತನ್ನದೇ ಅಂಚೆ ಚೀಟಿ. ಇಂಗ್ಲೆಂಡಿನಲ್ಲಿ ಕೆಂಪಗಿರುವ ಅಂಚೆ ಪೆಟ್ಟಿಗೆ ಇಲ್ಲಿ ನೀಲಿ!

ದ್ವೀಪಕ್ಕೆಲ್ಲ ಒಂದೇ ದೊಡ್ಡ ಪಟ್ಟಣ, ಸೇಂಟ್ ಪೀಟರ್ ಪೋರ್ಟ್. ದೊಡ್ಡದೆಂದರೆ ನಮ್ಮ ತಾಲ್ಲೂಕು ಕೇಂದ್ರದಷ್ಟು. ಬಂದರಿನಿಂದ ಮೇಲೇರುವ ಕಲ್ಲು ಹಾಸಿನ ಓಣಿಗಳು, ಫ್ರೆಂಚ್ ಹೆಸರಿನ ಬೀದಿಗಳು. ವಿಕ್ಟರ್ ಹ್ಯೂಗೋ ದೇಶಭ್ರಷ್ಟನಾಗಿ 1855ರಿಂದ 1870ರವರೆಗೆ ಇದ್ದದ್ದು ಈ ಊರಿನಲ್ಲೇ. ಹಳ್ಳಿಯ ರಸ್ತೆಗಳಲ್ಲಿ ಬೇಲಿ ಪಕ್ಕ ತರಕಾರಿ, ಮೊಟ್ಟೆ, ಹೂವು ಇಟ್ಟಿರುತ್ತಾರೆ. ಮಾರುವವರು ಇಲ್ಲ, ದುಡ್ಡು ಹಾಕಲು ಒಂದು ಡಬ್ಬಿ ಮಾತ್ರ. ನನ್ನ ಮನೆಯಾಕೆ ಎರಡು ಸಲ ಎಣಿಸಿ ದುಡ್ಡು ಹಾಕಿ ಟೊಮೆಟೊ ತಂದಳು.

ಅಷ್ಟರಲ್ಲೇ ಕಣ್ಣಿಗೆ ಬೀಳುವುದು ಕಾಂಕ್ರೀಟು. ಸುಂದರ ಕಡಲ ದಂಡೆಯ ಉದ್ದಕ್ಕೂ ಬೂದು ಬಣ್ಣದ ಬಂಕರುಗಳು, ಫಿರಂಗಿ ಕಟ್ಟೆಗಳು, ಕಣ್ಣಿನಂಥ ಕಿಂಡಿಗಳಿರುವ ಗೋಪುರಗಳು. ಒಡೆಯಲಾಗದಷ್ಟು ಗಟ್ಟಿಯಾದ್ದರಿಂದ ಹಾಗೇ ಉಳಿದಿವೆ. ಮಕ್ಕಳು ಅವುಗಳ ಮೇಲೆ ಹತ್ತಿ ಆಡುತ್ತಾರೆ.

ಎಂಟು ಜನರ ಸಮಿತಿ

ಊರ ನಡುವಿನ ರಾಯಲ್ ಕೋರ್ಟ್ ಕಟ್ಟಡದಲ್ಲಿ ನ್ಯಾಯಾಲಯವೂ ಇದೆ, ಶಾಸನ ಸಭೆಯೂ ಇದೆ. ಸಭೆಯ ಹೆಸರು 'ಸ್ಟೇಟ್ಸ್'. ಸಾರ್ವಜನಿಕರು ಗ್ಯಾಲರಿಯಲ್ಲಿ ಕುಳಿತು ನೋಡಬಹುದು. ಸಭೆ ಶುರುವಾಗುವುದು ಫ್ರೆಂಚ್ ಪ್ರಾರ್ಥನೆಯಿಂದ. ವಿಷಯ ಪಟ್ಟಿಗೆ 'ಬಿಲೆ ದೇತಾ' ಎಂಬ ಹಳೆಯ ಫ್ರೆಂಚ್ ಹೆಸರು. ಪರವಾದವರು 'ಪೂರ್' ಎನ್ನುತ್ತಾರೆ, ವಿರೋಧಿಸುವವರು 'ಕೋಂತ್ರ್' ಎನ್ನುತ್ತಾರೆ. ಅಧ್ಯಕ್ಷ ಪೀಠದಲ್ಲಿರುವವರು ಬೇಲಿಫ್. ನಮ್ಮ ಕೋರ್ಟುಗಳಲ್ಲಿ ಬೇಲಿಫ್ ಎಂದರೆ ಸಮನ್ಸ್ ಜಾರಿ ಮಾಡುವ ಅಮೀನ. ಇಲ್ಲಿ ಆತ ದ್ವೀಪದ ಮುಖ್ಯ ನ್ಯಾಯಾಧೀಶ! ಗ್ಯಾಲರಿಯಲ್ಲಿ ಕುಳಿತಾಗ ಸದಸ್ಯರು ಕಾಗದ ಮಗುಚುವ ಸದ್ದು, ಕೆಮ್ಮು, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಏಳುವ ಆತುರ, ಎಲ್ಲ ನಮ್ಮ ಪುರಸಭೆಯಂತೆಯೇ ಇದ್ದು, ನನಗೆ ಮನೆಗೆ ಬಂದಂತಾಯಿತು.

1940ರ ಜೂನ್‌ನಲ್ಲಿ ಈ ಸಭೆಯ ಎದುರು ಬಂದ ಪ್ರಶ್ನೆ ಮಾತ್ರ ಯಾವ ಪುರಸಭೆಗೂ ಬಾರದಿರಲಿ. ಫ್ರಾನ್ಸ್ ಸೋತಿತ್ತು. ಈ ದ್ವೀಪಗಳನ್ನು ಕಾಯುವುದು ಅಸಾಧ್ಯವೆಂದು ಬ್ರಿಟನ್ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿತು. ಬೇಕಾದವರು ಹಡಗಿನಲ್ಲಿ ಇಂಗ್ಲೆಂಡಿಗೆ ಬರಬಹುದು ಎಂಬ ಸುದ್ದಿ ಜೂನ್ 19ರಂದು ಊರಿಗೆ ತಲುಪಿತು. ಶಾಲೆಯ ಮಕ್ಕಳನ್ನು ಮೇಷ್ಟರುಗಳ ಜತೆ ಕಳಿಸುವುದೋ ಬೇಡವೋ ಎಂದು ತಂದೆತಾಯಿ ಒಂದೇ ರಾತ್ರಿಯಲ್ಲಿ ತೀರ್ಮಾನಿಸಬೇಕಾಗಿತ್ತು. ಓದುತ್ತಿರುವ ತಂದೆತಾಯಂದಿರೇ, ಆ ರಾತ್ರಿ ನಿಮ್ಮದಾಗಿದ್ದರೆ? ಸುಮಾರು 42 ಸಾವಿರ ಜನರ ದ್ವೀಪದಿಂದ ಸುಮಾರು 17 ಸಾವಿರ ಜನ ಹೊರಟರು. ಅವರಲ್ಲಿ ಸುಮಾರು ಐದು ಸಾವಿರ ಶಾಲಾ ಮಕ್ಕಳು.

ಜೂನ್ 21ರಂದು ಸ್ಟೇಟ್ಸ್ ತನ್ನ ದೈನಂದಿನ ಆಡಳಿತವನ್ನು ಎಂಟು ಜನರ 'ನಿಯಂತ್ರಣ ಸಮಿತಿ'ಗೆ ಒಪ್ಪಿಸಿತು. ಅಧ್ಯಕ್ಷರು ಸರ್ಕಾರಿ ವಕೀಲರಾಗಿದ್ದ ಆಂಬ್ರೋಸ್ ಶರ್ವಿಲ್. ಏಳು ದಿನ ಕಳೆದಿತ್ತಷ್ಟೇ, ಜರ್ಮನ್ ವಿಮಾನಗಳು ಬಂದವು. ಬಂದರಿನಲ್ಲಿ ಇಂಗ್ಲೆಂಡಿಗೆ ಹೋಗಬೇಕಿದ್ದ ಟೊಮೆಟೊ ಲಾರಿಗಳು ಸಾಲಾಗಿ ನಿಂತಿದ್ದವು. ಅವನ್ನು ಸೈನ್ಯದ ಲಾರಿಗಳೆಂದು ಬಗೆದು ಬಾಂಬು ಹಾಕಿದರು. ದ್ವೀಪದಲ್ಲಿ ಸೈನ್ಯವಿಲ್ಲವೆಂದು ಶತ್ರುವಿಗೆ ಬ್ರಿಟನ್ ತಿಳಿಸಿಯೇ ಇರಲಿಲ್ಲ. ಲಾರಿ ಚಾಲಕರು, ರೈತರು ಸೇರಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಜೂನ್ 30ರಂದು ಜರ್ಮನ್ನರು ವಿಮಾನ ನಿಲ್ದಾಣದಲ್ಲಿ ಇಳಿದರು. ಒಂದು ಗುಂಡೂ ಹಾರಲಿಲ್ಲ.

ಹಾಲು, ಸೌದೆ, ಆಲೂಗಡ್ಡೆ

ಅಂದಿನಿಂದ ಗಡಿಯಾರ ಜರ್ಮನಿಯ ಸಮಯಕ್ಕೆ ತಿರುಗಿತು. ವಾಹನಗಳು ರಸ್ತೆಯ ಬಲಕ್ಕೆ ಸರಿದವು. ರಾತ್ರಿ ಕರ್ಫ್ಯೂ. ಪತ್ರಿಕೆಗಳು ಸೆನ್ಸಾರಿಗೆ ಒಳಪಟ್ಟು ಬರುತ್ತಿದ್ದವು. ಇವೆಲ್ಲ ಜರ್ಮನ್ನರ ಅಪ್ಪಣೆ. ಆದರೆ ಜನ ಉಣ್ಣುವುದೇನು, ಉರಿಸುವುದೇನು ಎಂಬ ಚಿಂತೆ ಸಮಿತಿಯದು.

ಆ ಚಿಂತೆ ಸಣ್ಣದಲ್ಲ. ದ್ವೀಪದ ಬದುಕು ನಿಂತಿದ್ದೇ ಟೊಮೆಟೊ ಮೇಲೆ. ಎಲ್ಲಿ ನೋಡಿದರೂ ಗಾಜಿನ ಮನೆಗಳು, ಬೆಳೆದದ್ದೆಲ್ಲ ಇಂಗ್ಲೆಂಡಿಗೆ. ಈಗ ಇಂಗ್ಲೆಂಡಿನ ದಾರಿ ಮುಚ್ಚಿತು. ಟೊಮೆಟೊ ತಿಂದು ಚಳಿಗಾಲ ಕಳೆಯಲಾಗದು. ಸಮಿತಿ ಗಾಜಿನ ಮನೆಗಳ ಬಳಕೆಗೆಂದೇ ಒಂದು ಮಂಡಳಿ ರಚಿಸಿ ಅವುಗಳಲ್ಲಿ ಆಹಾರ ಬೆಳೆ ತೆಗೆಸಿತು. ಫ್ರಾನ್ಸಿನ ಗ್ರಾನ್‌ವಿಲ್ ಎಂಬ ಬಂದರಿನಲ್ಲಿ ತನ್ನ ಖರೀದಿ ಪ್ರತಿನಿಧಿಗಳನ್ನು ಇಟ್ಟು ಬಿತ್ತನೆ ಬೀಜ, ಹಿಟ್ಟು, ಔಷಧಿ ತರಿಸಿತು. ಹಾಲಿನ ಸಂಗ್ರಹ, ಬೆಣ್ಣೆ, ಬ್ರೆಡ್ಡಿನ ರೇಷನ್, ಸೌದೆ ಕಡಿಯುವ ಪರವಾನಗಿ, ಸಾಮೂಹಿಕ ಅಡುಗೆ ಮನೆಗಳು, ಮರದ ಅಟ್ಟೆಯ ಪಾದರಕ್ಷೆ - ಒಂದೊಂದೂ ಒಂದು ಕಡತ. ಜರ್ಮನ್ನರು ಚಿಲ್ಲರೆ ನಾಣ್ಯಗಳನ್ನೆಲ್ಲ ಬಾಚಿಕೊಂಡು ಹೋದಾಗ ಸ್ಟೇಟ್ಸ್ ಆರು ಪೆನ್ಸ್‌ನಂಥ ಪುಟ್ಟ ಮೊತ್ತದ ಕಾಗದದ ನೋಟು ಅಚ್ಚು ಹಾಕಿಸಿತು. ಊರಿನ ವಸ್ತು ಸಂಗ್ರಹಾಲಯಗಳಲ್ಲಿ ಅಂದಿನ ಸಾಮಾನುಗಳನ್ನು ನೋಡಬಹುದು. ಚಹಾಕ್ಕೆ ಮುಳ್ಳುಪೊದೆಯ ಎಲೆ, ಕಾಫಿಗೆ ಹುರಿದ ಓಕ್ ಕಾಯಿ, ಉಪ್ಪಿಗೆ ಸಮುದ್ರದ ನೀರು. ಹಬೆಯಾಡುವ ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದ ನಾವು ಅದನ್ನು ಓದುವಾಗಲೇ ಮುಖ ಕಿವಿಚುತ್ತೇವೆ.

ದೂರ ಹೋದ ಮಕ್ಕಳ ಸುದ್ದಿ ಬರುತ್ತಿದ್ದುದು ರೆಡ್ ಕ್ರಾಸ್ ಮೂಲಕ. ಒಂದು ಸಂದೇಶದಲ್ಲಿ ಇಪ್ಪತ್ತೈದು ಪದ ಮಾತ್ರ, ಅದೂ ತಿಂಗಳುಗಟ್ಟಲೆ ತಡವಾಗಿ. ನಾವು ಇಳಿದುಕೊಂಡಿದ್ದ ಮನೆಯ ಒಡತಿ ಚಹಾ ಕೊಡುತ್ತ ಹೇಳಿದರು: "ನಮ್ಮಮ್ಮನಿಗೆ ಆಗ ಆರು ವರ್ಷ. ಟೀಚರ ಕೈ ಹಿಡಿದು ಸ್ಟಾಕ್‌ಪೋರ್ಟಿಗೆ ಹೋದವಳು ತಿರುಗಿ ಬಂದದ್ದು ಹನ್ನೊಂದನೆಯ ವಯಸ್ಸಿಗೆ. ಬಂದರಿನಲ್ಲಿ ತಬ್ಬಿಕೊಂಡ ಹೆಂಗಸು ಯಾರೆಂದು ಅವಳಿಗೆ ತಿಳಿಯಲೇ ಇಲ್ಲ. ಅಜ್ಜಿ ಆಡುವ ನಮ್ಮ ದ್ವೀಪದ ಭಾಷೆಯೂ ಮರೆತೇ ಹೋಗಿತ್ತು." ನನ್ನ ಹೆಂಡತಿ ಮಗಳ ಕಡೆ ನೋಡಿದಳು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದೇ ವಿಷಯ ಪಟ್ಟಿಯಲ್ಲಿ

ಶರ್ವಿಲ್ ಅವರ ನಂಬಿಕೆ ಸರಳವಾಗಿತ್ತು. ನಾವು ಕಾನೂನಿನಂತೆ ನಡೆದರೆ ಜರ್ಮನ್ನರೂ ಕಾನೂನಿನಂತೆ ನಡೆಯಬೇಕು; ಈ ಆಕ್ರಮಣ ಜಗತ್ತಿಗೆ ಮಾದರಿಯಾಗಲಿ ಎಂಬ ಅರ್ಥದ ಮಾತನ್ನು ಅವರು 1940ರ ಆಗಸ್ಟಿನಲ್ಲಿ ಸಭೆಯಲ್ಲೇ ಆಡಿದರು. ನನಗೆ ಅವರನ್ನು ನೋಡಿ ನಗಲಾಗುವುದಿಲ್ಲ. ಸಮಿತಿ ರಾಜೀನಾಮೆ ಬಿಸುಟು ಮನೆಗೆ ಹೋಗಿದ್ದರೆ ರೇಷನ್ ಹಂಚುವವರು ಜರ್ಮನ್ ಸೈನಿಕರೇ ಆಗುತ್ತಿದ್ದರು. ಶರ್ವಿಲ್ ಹೇಡಿಯೂ ಅಲ್ಲ. ಗುಟ್ಟಾಗಿ ದ್ವೀಪಕ್ಕೆ ಬಂದ ಬ್ರಿಟಿಷ್ ಅಧಿಕಾರಿಗಳನ್ನು ಗುಂಡೇಟಿನಿಂದ ಉಳಿಸಲು ಹೋಗಿ ಅಧಿಕಾರ ಕಳೆದುಕೊಂಡು ಪ್ಯಾರಿಸ್ಸಿನ ಜೈಲು ಸೇರಿದರು. ಅವರ ಜಾಗಕ್ಕೆ ಬಂದ ಜಾನ್ ಲೀಲ್ ಮೆಥೊಡಿಸ್ಟ್ ಪಾದ್ರಿ. ಮುಂದಿನ ನಾಲ್ಕೂವರೆ ವರ್ಷ ಜರ್ಮನ್ ಅಧಿಕಾರಿಗಳಿಗೆ ಅಂತರರಾಷ್ಟ್ರೀಯ ಒಪ್ಪಂದಗಳನ್ನು ನೆನಪಿಸುತ್ತ, ಬೇಡಿಕೆಗಳನ್ನು ಕಡಿಮೆ ಮಾಡಿಸುತ್ತ ಊರು ನಡೆಸಿದವರು ಅವರು.

ಆದರೆ ಕಡತ ಎಂಬುದು ವಿಚಿತ್ರ ವಸ್ತು. ಒಳ್ಳೆಯದೂ ಕೆಟ್ಟದ್ದೂ ಒಂದೇ ಬಗೆಯ ಕಾಗದದಲ್ಲಿ ಬರುತ್ತವೆ. 1940ರ ಅಕ್ಟೋಬರ್ 23ರಂದು ರಾಯಲ್ ಕೋರ್ಟಿನ ಎದುರು ದಾಖಲೆಗೆ ಬಂದ ಕಾಗದಗಳಲ್ಲಿ ಒಂದು ಯೆಹೂದಿಯರ ಕುರಿತ ಜರ್ಮನ್ ಆಜ್ಞೆ. ದ್ವೀಪದಲ್ಲಿರುವ ಯೆಹೂದಿಯರೆಲ್ಲ ಹೆಸರು ನೋಂದಾಯಿಸಬೇಕು. ಎಷ್ಟೋ ಆಜ್ಞೆಗಳಂತೆ ಇದೂ ಒಂದು. ದ್ವೀಪದಲ್ಲಿ ಯೆಹೂದಿಯರು ಉಳಿದೇ ಇಲ್ಲ, ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಶರ್ವಿಲ್ ಭಾವಿಸಿದ್ದರು. ಮೂವತ್ತು ವರ್ಷ ನಾನು ಬರೆದ ವಾಕ್ಯ ನನಗೆ ನೆನಪಾಯಿತು: "ಸದರಿ ವಿಷಯವನ್ನು ಸಭೆಯಲ್ಲಿ ಓದಿ ದಾಖಲಿಸಲಾಯಿತು." ಎಷ್ಟು ನಿರಪಾಯವಾಗಿ ಕಾಣುವ ವಾಕ್ಯ!

ಅಂದು ಒಬ್ಬರು ಮಾತ್ರ ಎದ್ದು, ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದರು. ಅವರು ನಿಯಂತ್ರಣ ಸಮಿತಿಯ ಸದಸ್ಯ ಸರ್ ಅಬ್ರಹಾಂ ಲೇನೆ. ನಮಗೆ ಆಶ್ಚರ್ಯವಾಗುವ ಸಂಗತಿಯೆಂದರೆ ಇವರು ಭಾರತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿ ಅಸ್ಸಾಮಿನಲ್ಲಿ ಸೇವೆ ಮಾಡಿ ನಿವೃತ್ತರಾಗಿ ಬಂದವರು. ಜೀವಮಾನವೆಲ್ಲ ಆಜ್ಞೆಗಳನ್ನು ಜಾರಿ ಮಾಡಿದ ಅಧಿಕಾರಿ. ಯಾವ ಕಾಗದಕ್ಕೆ ಸಹಿ ಹಾಕಬಾರದು ಎಂಬುದೂ ಅವರಿಗೆ ಗೊತ್ತಿದ್ದಿತು. ಅವರ ವಿರೋಧದಿಂದ ಆಜ್ಞೆ ನಿಲ್ಲಲಿಲ್ಲ. ದಾಖಲಾಯಿತು, ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆರಳೆಣಿಕೆಯ ಜನ ಬಂದು ಹೆಸರು ಬರೆಸಿದರು.

1942ರ ಏಪ್ರಿಲ್‌ನಲ್ಲಿ ಮೂವರು ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಲಾಯಿತು. ವಿಯೆನ್ನಾ ಕಡೆಯಿಂದ ಬಂದು ಇಲ್ಲಿ ದುಡಿಯುತ್ತಿದ್ದ ಥೆರೇಸ್ ಸ್ಟೈನರ್, ಆಗುಸ್ಟೆ ಸ್ಪಿಟ್ಜ್. ತೋಟಗಾರಿಕೆ ಓದಿ ಇಲ್ಲಿಯ ಫಾರಂ ಒಂದರಲ್ಲಿ ಕೆಲಸಕ್ಕಿದ್ದ ಮರಿಯಾನ್ನೆ ಗ್ರುನ್‌ಫೆಲ್ಡ್. ಥೆರೇಸ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹೊರಡುವ ಅಪ್ಪಣೆ ತಿಳಿಸಿದ್ದು ಜರ್ಮನ್ನರಲ್ಲ, ಊರಿನ ಪೊಲೀಸರೇ. ಅವಳು ಅಲ್ಲೇ ಕುಸಿದು ಅತ್ತದ್ದನ್ನು, ಇನ್ನು ನಾನು ಕಾಣಸಿಗುವುದಿಲ್ಲ ಎಂದದ್ದನ್ನು ಆ ಪೊಲೀಸ್ ಅಧಿಕಾರಿ ವರ್ಷಗಳ ನಂತರವೂ ನೆನೆದರು. ಅದೇ ಜುಲೈನಲ್ಲಿ ಮೂವರನ್ನೂ ಆಷ್‌ವಿಟ್ಜ್‌ಗೆ ಸಾಗಿಸಲಾಯಿತು. ಯಾರೂ ತಿರುಗಿ ಬರಲಿಲ್ಲ.

ಬಂದರಿನ ಬಳಿ ಅವರ ಹೆಸರುಗಳಿರುವ ಫಲಕವಿದೆ. ಅದು ಅನಾವರಣಗೊಂಡದ್ದು 2001ರಲ್ಲಿ, ಸುಮಾರು ಅರುವತ್ತು ವರ್ಷ ತಡವಾಗಿ. ಟೊಮೆಟೊ ಲಾರಿಗಳು ನಿಂತಿದ್ದ ಬಂದರೂ ಅದೇ, ಮಕ್ಕಳು ಹಡಗು ಹತ್ತಿದ ಬಂದರೂ ಅದೇ.

ಪಟ್ಟಿಗಳು

ಒಮ್ಮೆ ತಯಾರಾದ ಪಟ್ಟಿ ಸುಮ್ಮನೆ ಕೂಡುವುದಿಲ್ಲ. ದ್ವೀಪದಲ್ಲಿ ಹುಟ್ಟದ ಬ್ರಿಟಿಷರ ಪಟ್ಟಿಯನ್ನು ಜರ್ಮನ್ನರು 1941ರಲ್ಲೇ ಕೇಳಿ ಪಡೆದಿದ್ದರು. ಆಗ ಅದು ಜನಗಣತಿಯಂತೆ ಕಂಡಿರಬೇಕು. 1942ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಅಪ್ಪಣೆ ಬಂದಾಗ ಅಂಥವರನ್ನೇ ಕುಟುಂಬ ಸಮೇತ ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಈ ದ್ವೀಪವೊಂದರಿಂದಲೇ ಎಂಟುನೂರಕ್ಕೂ ಹೆಚ್ಚು ಜನ. ಮರು ವರ್ಷ ಶರ್ವಿಲ್ ಅವರೂ ಹೋಗಬೇಕಾಯಿತು.

ಹಾಗೆಯೇ 1941ರ ಜುಲೈನಲ್ಲಿ ಗೋಡೆಗಳ ಮೇಲೆ ವಿಜಯದ 'ವಿ' ಅಕ್ಷರ ಬರೆದವರನ್ನು ಹಿಡಿದುಕೊಟ್ಟರೆ 25 ಪೌಂಡ್ ಇನಾಮು ಎಂಬ ಪ್ರಕಟಣೆ ಬೇಲಿಫ್ ವಿಕ್ಟರ್ ಕ್ಯಾರಿ ಅವರ ಹೆಸರಿನಲ್ಲೇ ಬಂತು. 1942ರಲ್ಲಿ ಎಲ್ಲರ ರೇಡಿಯೊಗಳನ್ನೂ ಕಿತ್ತುಕೊಂಡರು. ಬಚ್ಚಿಟ್ಟ ರೇಡಿಯೊದಲ್ಲಿ ಬಿ.ಬಿ.ಸಿ. ಕೇಳಿ ಟೈಪು ಮಾಡಿ ಸುದ್ದಿಪತ್ರ ಹಂಚಿದ ಗುಂಪೊಂದು ದ್ವೀಪದಲ್ಲಿತ್ತು. ಯಾರೋ ಸುಳಿವು ಕೊಟ್ಟರು. ಶಿಕ್ಷೆಯಾದ ಐವರಲ್ಲಿ ಇಬ್ಬರು ಜರ್ಮನ್ ಸೆರೆಯಲ್ಲೇ ಸತ್ತರು.

ಹಸಿವಿನ ಚಳಿಗಾಲ

1944ರ ಜೂನ್‌ನಲ್ಲಿ ಮಿತ್ರ ಸೈನ್ಯಗಳು ನಾರ್ಮಂಡಿಯಲ್ಲಿ ಇಳಿದವು. ಬಿಡುಗಡೆ ಹತ್ತಿರ ಬಂತೆಂದು ಜನ ಹಿಗ್ಗಿದರು. ಆದರೆ ಸೈನ್ಯಗಳು ದ್ವೀಪವನ್ನು ಬಿಟ್ಟು ಮುಂದೆ ಸಾಗಿದವು. ಫ್ರಾನ್ಸಿನಿಂದ ಬರುತ್ತಿದ್ದ ಸರಬರಾಜೂ ನಿಂತಿತು. ಅನಿಲವಿಲ್ಲ, ವಿದ್ಯುತ್ತಿಲ್ಲ. ಜನರಿಗೂ ಹಸಿವು, ಹತ್ತು ಸಾವಿರಕ್ಕೂ ಮಿಕ್ಕಿದ್ದ ಜರ್ಮನ್ ಸೈನಿಕರಿಗೂ ಹಸಿವು. ಲೀಲ್ ಅವರ ಸಮಿತಿ ಉಳಿದ ಕಾಳಿನ ಲೆಕ್ಕ ಹಾಕುತ್ತ ಕುಳಿತಿತು. ಕಡೆಗೆ 1944ರ ಡಿಸೆಂಬರ್ 27ರಂದು ರೆಡ್ ಕ್ರಾಸ್ ಹಡಗು 'ವೇಗಾ' ಆಹಾರದ ಪೊಟ್ಟಣಗಳನ್ನು ಹೊತ್ತು ಬಂದರಿಗೆ ಬಂತು. ಆದರೂ 1945ರ ಫೆಬ್ರವರಿಯಲ್ಲಿ ಹಿಟ್ಟು ಮುಗಿದು ಬ್ರೆಡ್ ಪೂರ್ತಿ ನಿಂತುಹೋಯಿತು. ಮಾರ್ಚಿಯಲ್ಲಿ 'ವೇಗಾ' ಹಿಟ್ಟು ತಂದಾಗಲೇ ಊರು ಮತ್ತೆ ಬ್ರೆಡ್ ಕಂಡಿತು. ಆ ಪೊಟ್ಟಣಗಳು ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಮನೆಯೊಡತಿ ಈಗಲೂ ಕೈ ಮುಗಿಯುವಂತೆ ಹೇಳಿದರು.

ಮೇ 9ರಂದು ಬಿಡುಗಡೆ. ಬಂದರಿನ ಎದುರು 1995ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಪ್ರತಿ ವರ್ಷ ಮೇ 9ರಂದು ಅದರ ನೆರಳು ಪಕ್ಕದ ಕಲ್ಲು ಬೆಂಚಿನ ಮೇಲೆ, ಅಂದು ಯಾವ ಹೊತ್ತಿಗೆ ಏನು ನಡೆಯಿತೆಂದು ಕೆತ್ತಿದ ಜಾಗಗಳನ್ನು ಒಂದೊಂದಾಗಿ ಮುಟ್ಟುತ್ತ ಸರಿಯುತ್ತದೆ. ಬಿಡುಗಡೆಯಾದ ಎರಡು ವಾರಕ್ಕೆ, ಮೇ 23ರಂದು, ಲೀಲ್ ಐದು ವರ್ಷದ ಕಾರುಬಾರಿನ ವರದಿಯನ್ನು ಸ್ಟೇಟ್ಸ್ ಮುಂದೆ ಇಟ್ಟರು. ಆ ವರ್ಷದ ಕೊನೆಗೆ ಕ್ಯಾರಿ, ಲೀಲ್ ಇಬ್ಬರಿಗೂ 'ಸರ್' ಪದವಿ ಬಂತು. ಅವರು ಇನ್ನಷ್ಟು ಎದುರಿಸಬಹುದಿತ್ತೇ ಎಂಬ ವಾದ ಮಾತ್ರ ದ್ವೀಪದಲ್ಲಿ ಇಂದಿಗೂ ಮುಗಿದಿಲ್ಲ.

ಒಂದು 'ಇಲ್ಲ'

ಶರ್ವಿಲ್ 1968ರಲ್ಲಿ ತೀರಿಕೊಂಡರು. ಅವರ ಆತ್ಮಕಥೆ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು, ಆ ಆಜ್ಞೆಯನ್ನು ಪ್ರತಿಭಟಿಸದೆ ಇದ್ದುದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ, ನಿರಾಕರಿಸಿದ ಗೌರವ ಲೇನೆಯವರದು ಎಂದು ಬರೆದಿದ್ದಾರೆ. ಐದು ವರ್ಷದಲ್ಲಿ ಎಷ್ಟೋ ಕಷ್ಟದ ತೀರ್ಮಾನಗಳಿದ್ದವು. ಕೊನೆಯವರೆಗೂ ಚುಚ್ಚಿದ್ದು ಸುಲಭವಾಗಿ ಕಂಡ ಆ ಒಂದು ಕಾಗದ.

ಮಗಳು ಸಂಜೆ ಬಂದರಿನ ಕಟ್ಟೆಯ ಮೇಲೆ ಕುಳಿತು ಕೇಳಿದಳು: "ಅಪ್ಪಾ, ಅವರು ಇಲ್ಲ ಅಂದರೂ ಆಜ್ಞೆ ನಿಲ್ಲಲಿಲ್ಲವಲ್ಲ. ಏನು ಪ್ರಯೋಜನವಾಯಿತು?" ತಕ್ಷಣ ಉತ್ತರ ಹೊಳೆಯಲಿಲ್ಲ. ಪ್ರಯೋಜನವಾಗದಿದ್ದರೂ ಆಡಬೇಕಾದ ಮಾತುಗಳು ಕೆಲವು ಇರುತ್ತವೆ ಎಂದೆ. ಹತ್ತು ಜನ ಹಾಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ನಮಗೆ ತಿಳಿಯದು. ಯಾರೂ ಹೇಳದೆ ಇದ್ದಿದ್ದರೆ, ಹೇಳಬಹುದಿತ್ತು ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ತಹಸೀಲ್ದಾರರಾಗುತ್ತೀರಿ, ಬ್ಯಾಂಕಿನ ಮ್ಯಾನೇಜರಾಗುತ್ತೀರಿ, ಪುರಸಭೆಯ ಸದಸ್ಯರೂ ಆಗಬಹುದು. ಹಾಲು, ನೀರು, ಸೌದೆಯ ಕಡತಗಳನ್ನು ಸಣ್ಣವೆಂದು ತಿಳಿಯಬೇಡಿ. ಹಸಿದ ಕಾಲದಲ್ಲಿ ಒಂದು ದ್ವೀಪದ ಜೀವ ಉಳಿಸಿದ ಕೆಲಸಗಳಲ್ಲಿ ಅವೂ ಸೇರಿವೆ. ಆದರೆ ಅವುಗಳ ನಡುವೆ ಎಂದಾದರೂ ಒಂದು ದಿನ, ಅದೇ ಅಳತೆಯ ಕಾಗದದಲ್ಲಿ, ಅದೇ ಸೀಲು ಹೊತ್ತು, ಬೇರೆಯೇ ಒಂದು ವಿಷಯ ಬರಬಹುದು. ಅದನ್ನು ಪೂರ್ತಿ ಓದಿ.

ಮರುದಿನ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಗಾಜು ಒಡೆದು ಬಳ್ಳಿ ಹಬ್ಬಿದ ಹಳೆಯ ಗಾಜಿನ ಮನೆಗಳು ಕಂಡವು. ಪಕ್ಕದ ಹೊಲದಲ್ಲಿ ಹೊಂಬಣ್ಣದ ಗರ್ನ್‌ಸಿ ಹಸುಗಳು ಮೆಲುಕು ಹಾಕುತ್ತಿದ್ದವು. ಬೇಲಿ ಪಕ್ಕದ ಡಬ್ಬಿಗೆ ನನ್ನ ಹೆಂಡತಿ ಉಳಿದಿದ್ದ ಚಿಲ್ಲರೆ ಹಾಕಿ ಒಂದು ಕಟ್ಟು ಹೂವು ತೆಗೆದುಕೊಂಡಳು. ದಾರಿ ಬದಲಿಸಿ ಬಂದರಿನ ಫಲಕದ ಬಳಿ ಅದನ್ನಿಟ್ಟು ಬಂದೆವು.